ಹೊಟ್ಟೆ ಹುಣ್ಣಿಗೆ ಅತಿಮಧುರ ಸಾಕೇ?

ಶಿರಸಿ ಕಡೆಯ ಓದುಗರೊಬ್ಬರ ಪತ್ರ: "ನಮ್ಮ ಯಜಮಾನರಿಗೆ ಎಂಡೋಸ್ಕೋಪಿ ಮಾಡಿ, ಜಠರದಲ್ಲಿ ಹುಣ್ಣಿದೆ, ಎಚ್. ಪೈಲೋರಿ ಅನ್ನೋ ಕ್ರಿಮಿಯೂ ಇದೆ ಅಂದರು. 14 ದಿನದ ಮಾತ್ರೆ ಕೊಟ್ಟಿದ್ದರು. ಬಾಯೆಲ್ಲ ಕಹಿ ಅಂತ ಇವರು ಅರ್ಧಕ್ಕೇ ಬಿಟ್ಟರು. ಈಗ ಅತಿಮಧುರದ ಪುಡಿಯನ್ನು ಹಾಲಿಗೆ ಹಾಕಿ ಕುಡಿಯುತ್ತಾರೆ, ಉರಿ ಕಡಿಮೆಯಾಗಿದೆ. ಬಿ.ಪಿ. ಮಾತ್ರೆ, ಮಂಡಿ ನೋವಿನ ಮಾತ್ರೆ ಮೊದಲಿನಿಂದಲೂ ಇವೆ. ಗಿಡಮೂಲಿಕೆಯಲ್ಲೇ ವಾಸಿಯಾಗಬಹುದಾ?"

ಸಂಪಾದಕರ ಉತ್ತರ:

ಅಮ್ಮಾ, ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು 'ಬಿ.ಪಿ.' ಅನ್ನೋ ಎರಡು ಅಕ್ಷರದ ಮೇಲೆ. ಮೊದಲು ಆ ಪುಡಿ ನಿಲ್ಲಿಸಿ.

ಅತಿಮಧುರ ಸುಳ್ಳು ಔಷಧಿ ಅಂತಲ್ಲ. ಅದರ ಸತ್ವದಿಂದಲೇ ಕಾರ್ಬೆನಾಕ್ಸಲೋನ್ ಅನ್ನೋ ಮಾತ್ರೆ ತಯಾರಾಗಿತ್ತು. 1960ರ ದಶಕದಲ್ಲಿ ಇಂಗ್ಲೆಂಡಿನ ಡಾಕ್ಟರುಗಳು ಅದನ್ನು ಹೊಟ್ಟೆ ಹುಣ್ಣಿಗೇ ಕೊಡುತ್ತಿದ್ದರು. ಹುಣ್ಣು ಮಾಗುತ್ತಿತ್ತು. ಜೊತೆಗೆ ಕಾಲು ಊದುತ್ತಿತ್ತು, ಬಿ.ಪಿ. ಏರುತ್ತಿತ್ತು, ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುತ್ತಿತ್ತು. ಪೊಟ್ಯಾಸಿಯಂ ತುಂಬಾ ಇಳಿದರೆ ಎದೆಬಡಿತವೇ ತಪ್ಪಬಹುದು. ನಿಮ್ಮವರ ಬಿ.ಪಿ. ಮಾತ್ರೆ ಮೂತ್ರ ಜಾಸ್ತಿ ಮಾಡಿಸುವಂಥದ್ದಾದರೆ ಅಪಾಯ ಇನ್ನೂ ಹೆಚ್ಚು. ಹಾಲೂ ಅಷ್ಟೇ: ಕುಡಿದಾಗ ತಂಪು, ಆಮೇಲೆ ಆಮ್ಲ ಇನ್ನಷ್ಟು ಊರುತ್ತದೆ.

ಬಾಳೆಕಾಯಿ ಬಗ್ಗೆಯೂ ಹಲವರು ಕೇಳುತ್ತಾರೆ. ಒಣಗಿಸಿದ ಬಾಳೆಕಾಯಿಯ ಸಾರ ಕೊಟ್ಟಾಗ ಇಲಿಗಳಲ್ಲಿ ಆಸ್ಪಿರಿನ್‌ನಿಂದಾದ ಹುಣ್ಣು ಮಾಗಿದ್ದು 1984ರಲ್ಲಿ ವರದಿಯಾಗಿತ್ತು. ಇಲಿಗಳಲ್ಲಿ, ನೆನಪಿರಲಿ. ಪಲ್ಯ ಮಾಡಿ ಧಾರಾಳವಾಗಿ ಬಡಿಸಿ, ಮಾತ್ರೆಯ ಬದಲಿಗೆ ಮಾತ್ರ ಬೇಡ.

ಯಾಕೆಂದರೆ ಉರಿ ಇಳಿದರೂ ಕ್ರಿಮಿ ಅಲ್ಲೇ ಇರುತ್ತದೆ. ಮೊದಲೆಲ್ಲ ಅಲ್ಸರ್ ಅಂದರೆ ಖಾರ, ಚಿಂತೆ ಅಂತಿದ್ದರು ಅಲ್ವಾ? ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 1982ರಲ್ಲಿ ಈ ಕ್ರಿಮಿಯನ್ನು ಬೆಳೆಸಿ ತೋರಿಸಿದರು. ಯಾರೂ ನಂಬಲಿಲ್ಲ ಅಂತ ಮಾರ್ಷಲ್ 1984ರಲ್ಲಿ ತಾವೇ ಅದನ್ನು ಕುಡಿದು ಹೊಟ್ಟೆ ಕೆಡಿಸಿಕೊಂಡರು! 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಈ ಕ್ರಿಮಿ ಜಠರದ ಲೋಳೆಯೊಳಗೆ ಹೊಕ್ಕು, ತನ್ನ ಸುತ್ತಲಿನ ಆಮ್ಲವನ್ನು ತಾನೇ ತಣಿಸಿಕೊಂಡು ಬದುಕುತ್ತದೆ. ಕಷಾಯಕ್ಕೆ ಜಗ್ಗುವ ಆಸಾಮಿ ಅಲ್ಲ. ಅರ್ಧ ಕೋರ್ಸ್ ಬೇರೆ ಆಗಿದೆ. ಉಳಿದ ಕ್ರಿಮಿಗೆ ಆ ಮಾತ್ರೆ ನಾಟದೆ ಹೋಗಬಹುದು. ಮಿಕ್ಕ ಮಾತ್ರೆಯನ್ನು ಮತ್ತೆ ಸುಮ್ನೆ ನುಂಗಿಸಬೇಡಿ. ಡಾಕ್ಟರ ಹತ್ತಿರ ಹೋಗಿ ಕಹಿಯ ವಿಷಯ ಹೇಳಿ. ಸಾಮಾನ್ಯವಾಗಿ ಅದು ಕ್ಲಾರಿತ್ರೊಮೈಸಿನ್ ಅನ್ನೋ ಆಂಟಿಬಯೋಟಿಕ್ ಮಾತ್ರೆ ಮಾಡುವ ಕೆಲಸ. ಬೇರೆ ಜೋಡಿ ಮಾತ್ರೆಗಳಿವೆ.

ಮಂಡಿಯ ಮಾತ್ರೆಯ ಹೆಸರೂ ಬರೆದುಕೊಂಡು ಹೋಗಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ್ದಾದರೆ ಜಠರದ ಒಳಪದರದ ಕಾವಲನ್ನೇ ಕಡಿಮೆ ಮಾಡುತ್ತವೆ. ಹುಣ್ಣಿಗೆ ಅದೂ ಒಂದು ಕಾರಣ.

ಮಲ ಡಾಂಬರಿನಂತೆ ಕಪ್ಪಗೆ ಅಂಟಂಟಾಗಿ ಬಂದರೆ, ವಾಂತಿಯಲ್ಲಿ ರಕ್ತ ಅಥವಾ ಕಾಫಿ ಗಸಿಯಂಥದ್ದು ಕಂಡರೆ, ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ. ಕೋರ್ಸ್ ಮುಗಿದು ಕನಿಷ್ಠ ನಾಲ್ಕು ವಾರವಾದ ಮೇಲೆ ಕ್ರಿಮಿ ಹೋಗಿದೆಯಾ ಅಂತ ಉಸಿರಿನ ಅಥವಾ ಮಲದ ಪರೀಕ್ಷೆ ಮಾಡಿಸಿ. ಪ್ಯಾಂಟೊಪ್ರಜೋಲ್ ಥರದ ಗ್ಯಾಸ್ ಮಾತ್ರೆಯನ್ನು ಅದಕ್ಕೆ ಎರಡು ವಾರ ಮುಂಚೆ ನಿಲ್ಲಿಸಬೇಕಾಗುತ್ತದೆ. ಹೇಗೆ ಅಂತ ಡಾಕ್ಟರನ್ನೇ ಕೇಳಿ.