ಸಾಕ್ಷ್ಯಚಿತ್ರ ಆಮೇಲೆ, ಮೊದಲು ಆನೆ ಎಲ್ಲಿದೆ ಹೇಳಿ

ಆಕಾಶವಾಣಿಯ ಕೃಷಿ ವಿಭಾಗದಲ್ಲಿದ್ದು ಇಪ್ಪತ್ತಾರು ವರ್ಷ ಕಾಡಂಚಿನ ಊರುಗಳಿಗಾಗಿ ಕಾರ್ಯಕ್ರಮ ಮಾಡಿದವನು ನಾನು. ನಿವೃತ್ತನಾದ ಮೇಲೂ ಅರಣ್ಯ ಸಮಿತಿಗಳಿಂದ, ಶಾಲೆಗಳಿಂದ, ಯುವಕ ಸಂಘಗಳಿಂದ, ಕಾಡಿನ ವಿಷಯವನ್ನು ರೇಡಿಯೊ, ಟಿ.ವಿ.ಯಲ್ಲಿ ಜನರಿಗೆ ಹೇಗೆ ಹೇಳಬೇಕು ಎಂಬ ಅವೇ ಪ್ರಶ್ನೆಗಳು ಬರುತ್ತಲೇ ಇವೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಗಿದೆ, ಅದಕ್ಕೇ ಇಲ್ಲಿ ಬರೆದು ಉತ್ತರಿಸುತ್ತಿದ್ದೇನೆ. ಕಾಡು ಏಕೆ ಬೇಕು ಎಂಬಲ್ಲಿಂದ ಶುರುಮಾಡುವವರಿಗೆ ಇಲ್ಲಿ ಉತ್ತರವಿಲ್ಲ.

ನಮ್ಮ ಗ್ರಾಮ ಅರಣ್ಯ ಸಮಿತಿಯಲ್ಲಿ ಮೂರು ಲಕ್ಷ ರೂಪಾಯಿ ಇದೆ. ಅರ್ಧ ಗಂಟೆಯ ಸಾಕ್ಷ್ಯಚಿತ್ರ ಮಾಡಿಸಿ ಸ್ಥಳೀಯ ಕೇಬಲ್ ಚಾನೆಲ್‌ನಲ್ಲಿ ಹಾಕಿಸಬೇಕೆಂದಿದ್ದೇವೆ. ಇಲ್ಲಿ ಆನೆ ಕಾಟ ವಿಪರೀತ, ಕಾಡಿನ ಹೆಸರೆತ್ತಿದರೆ ಜನ ಸಿಡುಕುತ್ತಾರೆ. ಚಿತ್ರ ಹೇಗಿರಬೇಕು? (ಸಕಲೇಶಪುರ ತಾಲ್ಲೂಕಿನ ಓದುಗರು)

ಮಾಡಿಸಲೇಬೇಡಿ. ನಿನ್ನೆ ರಾತ್ರಿ ಗದ್ದೆ ತುಳಿಸಿಕೊಂಡವನಿಗೆ ಇವತ್ತು ಟಿ.ವಿ.ಯಲ್ಲಿ ಸೂರ್ಯೋದಯ, ಕೊಳಲು, ‘ಆನೆ ನಮ್ಮ ಸಂಪತ್ತು’ ಎಂಬ ಮಾತು ತೋರಿಸಿದರೆ ಅವನ ಸಿಟ್ಟು ಇಮ್ಮಡಿಯಾಗುತ್ತದೆ. ಅವನ ಸಿಟ್ಟಿನಲ್ಲಿ ತಪ್ಪೇನೂ ಇಲ್ಲ.

ಈ ಪಾಠ ನನಗೆ ಕಲಿಸಿದವರು ಕಾಫಿ ತೋಟದ ಒಬ್ಬ ಕೂಲಿ ಹೆಂಗಸು. ಆನೆಗಳು ಏಕೆ ಊರಿಗೆ ಬರುತ್ತವೆ ಎಂಬ ಕಾರ್ಯಕ್ರಮಕ್ಕೆ ಮಾತನಾಡಿಸಲು ಹೋಗಿದ್ದೆ. ಆಕೆ ಸಂಜೆ ಬಸ್ಸಿಳಿದು ಲೈನ್ ಮನೆಗೆ (ತೋಟದ ಕೂಲಿಗಳ ಸಾಲುಮನೆ) ಒಂದೂವರೆ ಕಿಲೋಮೀಟರ್ ನಡೆಯಬೇಕಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಿನಲ್ಲಿ ನಡೆಯುತ್ತಿದ್ದರು. ತನ್ನ ಹೆಜ್ಜೆಯ ಸದ್ದಿನಲ್ಲಿ ಕೊಂಬೆ ಮುರಿಯುವ ಸದ್ದು ಮುಚ್ಚಿಹೋಗಬಾರದೆಂದು. “ಆನೆ ಏಕೆ ಬಂತು ಎಂದು ತಿಳಿದು ನನಗೇನಾಗಬೇಕು ಸಾರ್? ಎಲ್ಲಿದೆ ಹೇಳಿ, ಸಾಕು” ಎಂದರು. ಅಷ್ಟು ವರ್ಷ ನಾನು ಪ್ರಸಾರ ಮಾಡಿದ್ದರಲ್ಲಿ ಆ ಒಂದು ಮಾತಿಗೆ ಉತ್ತರವಿರಲಿಲ್ಲ.

ಉತ್ತರ ಸಿಕ್ಕಿದ್ದು ತಮಿಳುನಾಡಿನ ವಾಲ್ಪಾರೈನಲ್ಲಿ. ಆನಮಲೈ ಹುಲಿ ಸಂರಕ್ಷಿತ ಪ್ರದೇಶದ ನಡುವೆ ಸುಮಾರು 220 ಚದರ ಕಿಲೋಮೀಟರಿನಷ್ಟು ಚಹಾ, ಕಾಫಿ ತೋಟಗಳು. ಅವುಗಳ ಮಧ್ಯೆ ಅಲ್ಲಲ್ಲಿ ಉಳಿದ ಕಾಡಿನ ತುಂಡುಗಳು. ಹಗಲು ಆನೆಗಳು ಆ ತುಂಡುಗಳಲ್ಲಿ ನಿಂತು ರಾತ್ರಿ ತೋಟ ದಾಟುತ್ತವೆ. ಅಲ್ಲಿ ಆನೆಯಿಂದ ಸತ್ತವರಲ್ಲಿ ಬಹುಪಾಲು ಜನ ಆನೆ ಹತ್ತಿರದಲ್ಲಿದೆ ಎಂದೇ ತಿಳಿಯದೆ ಎದುರಿಗೆ ಸಿಕ್ಕಿಬಿದ್ದವರು. ಮೈಸೂರು ಮೂಲದ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಎಂ. ಆನಂದ ಕುಮಾರ್ ಮತ್ತು ಸಂಗಡಿಗರು ಮಾಡಿದ್ದು ಬಹಳ ಸರಳ ಕೆಲಸ. ಆನೆಗಳು ಇವತ್ತು ಯಾವ ತೋಟದಲ್ಲಿವೆ ಎಂಬುದನ್ನು ಸಂಜೆ ಸ್ಥಳೀಯ ಕೇಬಲ್ ಟಿ.ವಿ.ಯ ಪರದೆಯಲ್ಲಿ ಅಕ್ಷರಗಳಲ್ಲಿ ಓಡಿಸಿದರು. ಜನ ಧಾರಾವಾಹಿ ನೋಡುತ್ತಲೇ ಆ ಸಾಲು ಓದಿಕೊಂಡರು. 2011ರಿಂದ ಮೊಬೈಲ್ ಸಂದೇಶ ಬಂತು, ಆಮೇಲೆ ಧ್ವನಿ ಕರೆ, ಆಯಕಟ್ಟಿನ ಜಾಗಗಳಲ್ಲಿ ಮೊಬೈಲಿನಿಂದಲೇ ಹೊತ್ತಿಸುವ ಕೆಂಪು ದೀಪ. ಆ ದೀಪ ಹೊತ್ತಿಸುವ ಹೊಣೆಯಲ್ಲಿ ತೋಟದ ಜನರೇ ಪಾಲುದಾರರಾದರು. 2015ರಲ್ಲಿ ಆನಂದ ಕುಮಾರ್ ಅವರಿಗೆ ವನ್ಯಜೀವಿ ಸಂರಕ್ಷಣೆಗೆ ಕೊಡುವ ಬ್ರಿಟನ್ನಿನ ವಿಟ್ಲಿ ಪ್ರಶಸ್ತಿ ಬಂದದ್ದು ಇದಕ್ಕೇ.

ಗಮನಿಸಿ, ಆ ಸಾಲಿನಲ್ಲಿ ‘ಆನೆಯನ್ನು ಪ್ರೀತಿಸಿ’ ಎಂದಿರಲಿಲ್ಲ. ಆದರೆ ತನ್ನ ಜೀವದ ಬಗ್ಗೆ ಪ್ರತಿ ಸಂಜೆ ಯೋಚಿಸುವವರು ಇದ್ದಾರೆ ಎಂದು ಗೊತ್ತಾದ ಮೇಲೆ ಮನುಷ್ಯ ಅವರ ಉಳಿದ ಮಾತಿಗೂ ಕಿವಿಗೊಡುತ್ತಾನೆ. ಸಂರಕ್ಷಣೆಗೆ ಬೆಂಬಲ ಬರುವುದು ಈ ದಾರಿಯಲ್ಲಿ. ಬೇರೆ ಅಡ್ಡದಾರಿ ನಾನು ಕಂಡಿಲ್ಲ.

ನಿಮ್ಮ ಸಕಲೇಶಪುರ, ಆಲೂರು ಕಡೆ ಮೊಬೈಲ್ ಸಂದೇಶ, ಸೂಚನಾ ಫಲಕಗಳ ವ್ಯವಸ್ಥೆ ಈಗಾಗಲೇ ಇದೆ, ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯೂ ಇದೆ. ಹಾಗಾಗಿ ಹೊಸದಾಗಿ ಏನನ್ನೂ ಕಟ್ಟಬೇಕಿಲ್ಲ. ಆ ಮಾಹಿತಿಯನ್ನೇ ಕಾರ್ಯಪಡೆಯವರಿಂದ ಪಡೆದು, ಕೇಬಲ್‌ನವರೊಂದಿಗೆ ಮಾತನಾಡಿ, ಸಂಜೆ ಐದರಿಂದ ಓಡಿಸಿ. ತೋಟದ ಹೆಸರು, ಊರಿನ ಹೆಸರು, ಎಷ್ಟು ಗಂಟೆಗೆ ಕಂಡದ್ದು, ಗುಂಪೋ ಒಂಟಿ ಸಲಗವೋ, ಇಷ್ಟು ಸಾಕು. ಆನೆ ಕಂಡ ಸುದ್ದಿ ಬಾರದ ದಿನ ‘ಇವತ್ತು ಮಾಹಿತಿ ಇಲ್ಲ’ ಎಂದು ಹಾಕಿ. ‘ಆನೆ ಇಲ್ಲ’ ಎಂದು ಮಾತ್ರ ಯಾವತ್ತೂ ಹಾಕಬೇಡಿ. ನಿಮಗೆ ಕಾಣದ ಆನೆ ಒಂದು ಇದ್ದೇ ಇರುತ್ತದೆ, ಆ ಒಂದು ಸಾಲು ನಂಬಿ ಯಾರಾದರೂ ಸತ್ತರೆ ನಿಮ್ಮ ಕೆಲಸವೂ ಅಲ್ಲಿಗೇ ಮುಗಿಯಿತು. ಹಳೆಯ ಮಾಹಿತಿ ರಾತ್ರಿಯಿಡೀ ಓಡುತ್ತಿರಬಾರದು. ಹುಲಿ, ಚಿರತೆ ಇರುವ ಜಾಗವನ್ನು ಸಾರಬೇಡಿ. ಊರವರಿಗಿಂತ ಮೊದಲು ಕ್ಯಾಮೆರಾ ಹಿಡಿದವರೂ ಬೇಟೆಯವರೂ ಅಲ್ಲಿಗೆ ಹೋಗುತ್ತಾರೆ.

ಇದು ಆರು ತಿಂಗಳು ಒಂದು ದಿನವೂ ತಪ್ಪದೆ ನಡೆಯಲಿ. ಆಮೇಲೆ ರೇಡಿಯೊದವರಿಂದ ವಾರಕ್ಕೊಮ್ಮೆ ಹತ್ತು ನಿಮಿಷ ಕೇಳಿ ಪಡೆಯಿರಿ. ಬೆಳೆ ಪರಿಹಾರದ ಅರ್ಜಿ ಎಲ್ಲಿ ನಿಂತಿದೆ ಎಂಬುದಕ್ಕೆ ವಲಯ ಅರಣ್ಯಾಧಿಕಾರಿ ಹೆಸರು ಹೇಳಿ ಉತ್ತರ ಕೊಡಲಿ. ಕಾಡಿನ ತುಂಡು ಕಡಿದರೆ ಆನೆ ಹಗಲೂ ತೋಟದಲ್ಲೇ ನಿಲ್ಲುತ್ತದೆ ಎಂಬ ಮಾತನ್ನು ಆಗ ಹೇಳಿದರೆ ಜನ ಕೇಳುತ್ತಾರೆ.

ಇನ್ನು ‘ಜಾಗೃತಿ ಅಭಿಯಾನ’ ಮಾಡಿಕೊಡುತ್ತೇವೆ ಎಂದು ಬರುವ ಏಜೆನ್ಸಿಗಳು. ನನಗೆ ಗೊತ್ತಿರುವ ಒಂದು ಸಮಿತಿ ಇದ್ದ ಹಣವನ್ನೆಲ್ಲ ಇಂಥವರ ಕೈಗೆ ಕೊಟ್ಟಿತು. ಬಂದದ್ದು ಮೂವತ್ತು ಸೆಕೆಂಡಿನ ಜಾಹೀರಾತು. ಅದರಲ್ಲಿ ಕೂಗುತ್ತಿದ್ದ ಹಕ್ಕಿ ಪಶ್ಚಿಮಘಟ್ಟದ್ದೇ ಅಲ್ಲ, ಮಾತಿನಲ್ಲಿ ಆ ತಾಲ್ಲೂಕಿನ ಒಂದು ಊರಿನ ಹೆಸರೂ ಇಲ್ಲ. ‘ಐದು ಲಕ್ಷ ಜನರನ್ನು ತಲುಪಿದೆ’ ಎಂಬ ವರದಿ ಕೊಟ್ಟು ಹೋದರು. ಆ ಲೆಕ್ಕ ಪ್ರಸಾರ ವ್ಯಾಪ್ತಿಯಲ್ಲಿರುವ ಜನಸಂಖ್ಯೆಯದ್ದು, ಕೇಳಿದವರದ್ದಲ್ಲ. ಇದನ್ನು ನಾನು ಮೋಸ ಎಂದೇ ಕರೆಯುತ್ತೇನೆ.

ಯಾವ ಸಿನಿಮಾ ನಟರನ್ನು ರಾಯಭಾರಿ ಮಾಡಬೇಕು?

ಯಾರೂ ಬೇಡ, ನಿಮ್ಮ ಬೀಟಿನ (ಗಸ್ತು ಪ್ರದೇಶದ) ಅರಣ್ಯ ವಾಚರ್ ಮಾತನಾಡಲಿ.

ಬೀಜದುಂಡೆ ಎಸೆಯುವ ಕಾರ್ಯಕ್ರಮವನ್ನು ನೇರಪ್ರಸಾರ ಮಾಡಬಹುದೇ?

ಬೇಡ. ಎರಡು ಮಳೆಗಾಲ ಕಳೆದ ಮೇಲೆ ಅದೇ ಜಾಗಕ್ಕೆ ಹೋಗಿ ಎಷ್ಟು ಸಸಿ ಉಳಿದಿವೆ ಎಣಿಸಿ, ಅದನ್ನು ಪ್ರಸಾರ ಮಾಡಿ.

ಹಾಡು ಮಾಡಿಸಿದರೆ ಹೇಗೆ?

ಮಾಡಿಸಿ, ಆದರೆ ‘ಹಸಿರೇ ಉಸಿರು’ ಎಂಬಂಥದ್ದಲ್ಲ. ಕೆರಿಬಿಯನ್ನಿನ ಸೇಂಟ್ ಲೂಸಿಯಾ ದ್ವೀಪದಲ್ಲಿ 1970ರ ದಶಕದ ಕೊನೆಯಲ್ಲಿ ಅಲ್ಲಿ ಮಾತ್ರ ಇರುವ ಒಂದು ಗಿಳಿಯನ್ನೇ ಮುಂದಿಟ್ಟುಕೊಂಡು ರೇಡಿಯೊ, ಹಾಡು, ಚರ್ಚಿನ ಉಪದೇಶ ಎಲ್ಲವನ್ನೂ ಬಳಸಿದರು. 1979ರಲ್ಲಿ ಅದು ರಾಷ್ಟ್ರಪಕ್ಷಿಯಾಯಿತು, ಅಳಿವಿನಂಚಿನಿಂದ ಸಂಖ್ಯೆಯೂ ಏರಿತು. ಅಘನಾಶಿನಿ ಕಣಿವೆಯವರು ಸಿಂಗಳೀಕಕ್ಕೆ ಹಾಡು ಕಟ್ಟಲಿ, ದಾಂಡೇಲಿಯವರು ಮಂಗಟ್ಟೆಗೆ ಕಟ್ಟಲಿ.

ನಮ್ಮದು ಸಮುದಾಯ ಬಾನುಲಿ. ಸುದ್ದಿ ಪ್ರಸಾರ ಮಾಡುವಂತಿಲ್ಲವಲ್ಲ, ಕಾಡ್ಗಿಚ್ಚಿನ ವಿಷಯ ಹೇಳಬಹುದೇ?

ಹೇಳಬಹುದು. ಪ್ರಕೃತಿ ವಿಕೋಪದ ಸೂಚನೆ, ಹವಾಮಾನ, ಸಾರ್ವಜನಿಕ ಪ್ರಕಟಣೆ ಇವು ಸುದ್ದಿಯ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಮಾರ್ಚ್‌ವರೆಗೆ ಕಾಯಬೇಡಿ, ತರಗೆಲೆ ಒಣಗುವ ಮೊದಲೇ ಆರಂಭಿಸಿ. ಮೊದಲು ಬಯಲಿಗೆಳೆಯಬೇಕಾದ ಸುಳ್ಳು, ‘ಬೆಂಕಿ ಕೊಟ್ಟರೆ ಹುಲ್ಲು ಚೆನ್ನಾಗಿ ಬರುತ್ತದೆ’ ಎಂಬುದು. ಮೊದಲ ಮಳೆಗೆ ಹುಲ್ಲು ಚಿಗುರುವುದು ನಿಜ. ಸಸಿ, ಬೀಜ ಸತ್ತ ಆ ಜಾಗದಲ್ಲಿ ಬೇರುಳಿಸಿಕೊಂಡ ಲಂಟಾನಾ ಕಳೆ ಎಲ್ಲಕ್ಕಿಂತ ಮೊದಲು ಏಳುತ್ತದೆ, ನಾಲ್ಕೈದು ವರ್ಷಕ್ಕೆ ದನ ನುಗ್ಗಲೂ ಜಾಗವಿರುವುದಿಲ್ಲ. ಇದನ್ನು ದನ ಸಾಕುವವರ ಬಾಯಿಂದಲೇ ಹೇಳಿಸಿ. ಎಲ್ಲ ಬೆಂಕಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ‘ತರಗು ಬೆಂಕಿ’ಯ (ನೆಲದ ತರಗೆಲೆಗೆ ಕೊಡುವ ಹಗುರ ಬೆಂಕಿ) ತಿಳಿವಳಿಕೆ ಬೇರೆ, ಅವರನ್ನೂ ಕೂರಿಸಿ ಕೇಳಿ. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹತ್ತು ಸಾವಿರ ಎಕರೆಗೂ ಮಿಕ್ಕಿ ಸುಟ್ಟಾಗ ಎಲ್ಲೆಲ್ಲಿಯದೋ ಸುಟ್ಟ ಪ್ರಾಣಿಗಳ ಚಿತ್ರಗಳು ಮೊಬೈಲುಗಳಲ್ಲಿ ಹರಿದಾಡಿದವು. ಅಂಥ ದಿನ ನಿಮ್ಮ ಕೇಂದ್ರ ಪರಿಶೀಲಿಸಿದ ಒಂದೇ ಒಂದು ಮಾತು ಹೇಳಿದರೂ ಅದು ದೊಡ್ಡ ಸೇವೆ.

ಪಶ್ಚಿಮಘಟ್ಟ ಸಂರಕ್ಷಣೆಯ ಕಸ್ತೂರಿರಂಗನ್ ವರದಿ ಎಂದರೆ ನಮ್ಮೂರಲ್ಲಿ ಒಕ್ಕಲೆಬ್ಬಿಸುತ್ತಾರೆಂಬ ಭಯ. ರೇಡಿಯೊ ಏನು ಮಾಡಬಹುದು?

ಆ ವರದಿಯ ಆಧಾರದ ಮೇಲೆ ಕೇಂದ್ರ ಸರ್ಕಾರ ಹೊರಡಿಸಿದ ಕರಡು ಅಧಿಸೂಚನೆಯನ್ನು ಕನ್ನಡದಲ್ಲಿ ಓದಿ ಹೇಳಿ. ಗಣಿಗಾರಿಕೆ, ಕಲ್ಲುಕ್ವಾರಿ, ಮರಳುಗಾರಿಕೆ, ಉಷ್ಣ ವಿದ್ಯುತ್ ಸ್ಥಾವರ, ಕೆಂಪು ವರ್ಗದ (ಅತಿ ಹೆಚ್ಚು ಮಾಲಿನ್ಯ ಮಾಡುವ) ಕೈಗಾರಿಕೆ, 20,000 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ಕಟ್ಟಡ ಯೋಜನೆಗಳಿಗೆ ಅದರಲ್ಲಿ ತಡೆ ಇದೆ. ಆಸ್ತಿ ಕೈಬದಲಾಗುವುದಕ್ಕೆ ತಡೆಯಿಲ್ಲ. ವಿರೋಧಿಸುವವರನ್ನೂ ಸ್ಟುಡಿಯೊಗೆ ಕರೆಯಿರಿ, ಅವರ ಮಾತು ಕತ್ತರಿಸಬೇಡಿ. ಕರಡು ಓದದೆಯೇ ಭಯ ಹಂಚುವವರಿಗೂ, ಓದದೆಯೇ ಸಮರ್ಥಿಸುವವರಿಗೂ ಮೈಕ್ ಕೊಡಬೇಡಿ.

ಟಿ.ವಿ.ಯವರು ‘ಪುಂಡಾನೆ’, ‘ಅಟ್ಟಹಾಸ’ ಎನ್ನುತ್ತಾರೆ, ತಡೆಯುವುದು ಹೇಗೆ?

ತಾಲ್ಲೂಕು ವರದಿಗಾರರಿಗೆ ಘಟನೆಯಾದ ಅರ್ಧ ಗಂಟೆಯೊಳಗೆ ನಿಜವಾದ ವಿವರ ತಲುಪಿಸಿ. ವಿವರವಿಲ್ಲದ ಕಡೆಯೇ ಆ ಪದಗಳು ತುಂಬಿಕೊಳ್ಳುತ್ತವೆ.

ಧ್ವನಿಮುದ್ರಣಕ್ಕೆ ಯಾವ ಸಾಧನ ಕೊಳ್ಳಬೇಕು?

ಮೊಬೈಲ್ ಸಾಕು, ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ವಾಚರ್ ಬೀಟ್ ಮುಗಿಸಿ ಬಂದ ಕೂಡಲೇ, ಮಾತು ಇನ್ನೂ ಬಿಸಿಯಾಗಿರುವಾಗ ಮುದ್ರಿಸಿಕೊಳ್ಳಿ. ಗಂಧದ ಕಳ್ಳರ ವಿಷಯ ಬಂದರೆ ಆ ವಾಚರ್ ಹೆಸರನ್ನಾಗಲಿ ಧ್ವನಿಯನ್ನಾಗಲಿ ಪ್ರಸಾರ ಮಾಡಬೇಡಿ, ಅವರು ಮರುದಿನವೂ ಅದೇ ಕಾಡಿಗೆ ಒಬ್ಬರೇ ಹೋಗಬೇಕು. ಮತ್ತು ಅವರು ಮಾತನಾಡುವಾಗ ಪಕ್ಕದಲ್ಲಿ ಅಧಿಕಾರಿಯನ್ನು ನಿಲ್ಲಿಸಬೇಡಿ.