‘ಒಪ್ಪಿಸಿಕೊಡಿ’ ಎನ್ನುವವರಿಗೆ

ಜಗಳ ಬಿದ್ದ ಕಡೆ ಹೊರಗಿನವನಾಗಿ ಹೋಗಿ ಮಾತುಕತೆ ನಡೆಸಿಕೊಡುವುದು ನನ್ನ ಕೆಲಸ. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಒಂದೇ ಪತ್ರದ ನಕಲುಗಳಂತಿವೆ. ಕೊನೆಯ ಸಾಲು ಎಲ್ಲದರಲ್ಲೂ ಒಂದೇ: ‘ತಾವು ಬಂದು ಒಪ್ಪಿಸಿಕೊಡಬೇಕು.’ ಇದಕ್ಕೆ ಒಂದು ಸಲ ವಿವರವಾಗಿ ಉತ್ತರಿಸಿ ಕೈತೊಳೆದುಕೊಳ್ಳುತ್ತೇನೆ.

ಪ್ರಶ್ನೆ: ಉತ್ತರಹಳ್ಳಿ ಕಡೆಯ 84 ಮನೆಗಳ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ನಾನು. ಮನೆಮನೆಗೂ ನೀರಿನ ಮೀಟರ್ ಹಾಕಿಸಲು ಸಮಿತಿ ನಿರ್ಧರಿಸಿದೆ. ಮೂರು ಸರ್ವಸದಸ್ಯರ ಸಭೆಗಳು ಗಲಾಟೆಯಲ್ಲಿ ಮುಗಿದವು. ಇಪ್ಪತ್ತು ಮನೆಯವರು ಹಟ ಹಿಡಿದಿದ್ದಾರೆ. ತಟಸ್ಥರೊಬ್ಬರನ್ನು ಕರೆಸಿದರೆ ಅವರನ್ನು ಒಪ್ಪಿಸಬಹುದೇ?

ಉತ್ತರ: ‘ಸಮಿತಿ ನಿರ್ಧರಿಸಿದೆ’ ಎಂದು ನೀವೇ ಬರೆದಿದ್ದೀರಿ. ಹಾಗಿದ್ದರೆ ನನಗೆ ಅಲ್ಲಿ ಕೆಲಸವಿಲ್ಲ. ನಿರ್ಧಾರವನ್ನು ನೋಟಿಸ್ ಬೋರ್ಡಿಗೆ ಅಂಟಿಸಿ, ಬರುವ ಬೈಗುಳ ತಿನ್ನಿ. ಅದೂ ಪ್ರಾಮಾಣಿಕ ದಾರಿಯೇ. ಆಗಿಹೋದ ತೀರ್ಮಾನಕ್ಕೆ ಚರ್ಚೆಯ ವೇಷ ತೊಡಿಸಲು ಹೊರಗಿನವನನ್ನು ಕರೆಸುವುದು ಮಾತ್ರ ಮೋಸ. ಜನ ಅದನ್ನು ಹತ್ತು ನಿಮಿಷದಲ್ಲಿ ಕಂಡುಹಿಡಿಯುತ್ತಾರೆ. ಆಮೇಲೆ ನಿಜವಾದ ಚರ್ಚೆಗೆ ಕರೆದರೂ ಬರುವುದಿಲ್ಲ.

ನಮ್ಮನ್ನು ತರಬೇತಿಗಳಲ್ಲಿ ‘ಸುಗಮಕಾರ’ ಎನ್ನುತ್ತಾರೆ, ಅಂದರೆ ಎಲ್ಲರ ಮಾತೂ ಹೊರಬರುವಂತೆ ಚರ್ಚೆ ನಡೆಸಿಕೊಡುವವನು. ಅರಳಿಕಟ್ಟೆಯ ಮೇಲೆ ಕೂತು ನ್ಯಾಯ ಹೇಳುವ ಹಿರಿಯ ಬೇರೆ, ನಾವು ಬೇರೆ. ನಮಗೆ ಮತವಿಲ್ಲ, ತೀರ್ಪು ಕೊಡುವ ಅಧಿಕಾರವಿಲ್ಲ, ಮೀಟರ್ ಬೇಕೋ ಬೇಡವೋ ಎಂಬುದರಲ್ಲಿ ಆಸಕ್ತಿಯೂ ಇರಕೂಡದು.

ಕೆಲಸದ ಮುಕ್ಕಾಲು ಪಾಲು ಸಭೆಗೆ ಮೊದಲೇ ನಡೆಯಬೇಕು, ಅದೂ ‘ಬೇಡ’ ಎನ್ನುವವರ ಮನೆಗಳಲ್ಲಿ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ, ಟ್ಯಾಂಕರ್‌ಗೆ ಕಾದು ಕೂತ ಮೇಲೆ ಇಂಥದೇ ಮೀಟರ್ ಜಗಳಕ್ಕೆ ನನ್ನನ್ನು ಒಂದು ಕಡೆ ಕರೆದಿದ್ದರು. ಬೇಡ ಎನ್ನುವವರೆಲ್ಲ ನೀರು ಪೋಲು ಮಾಡುವವರು ಎಂದು ಸಮಿತಿ ಮೊದಲೇ ತೀರ್ಮಾನಿಸಿತ್ತು. ಹೋಗಿ ಕೂತು ಕೇಳಿದರೆ ಬೇಡ ಎಂಬ ಆ ಒಂದು ಪದದೊಳಗೆ ಬೇರೆಬೇರೆ ಮಾತುಗಳಿದ್ದವು. ಅತ್ತೆ, ಮಾವ, ಮಕ್ಕಳು ಸೇರಿ ಏಳು ಜನರಿರುವ ಮನೆಗೆ ಬಿಲ್ಲಿನ ಭಯ. ಮನೆ ಬಾಡಿಗೆಗೆ ಕೊಟ್ಟು ಪರಊರಿನಲ್ಲಿರುವವರಿಗೆ, ಮೀಟರಿನ ಖರ್ಚು ತಮ್ಮದು, ಉಳಿತಾಯ ಬಾಡಿಗೆದಾರನದು ಎಂಬ ಲೆಕ್ಕ. ಇನ್ನೊಬ್ಬರು ನಿವೃತ್ತ ಎಂಜಿನಿಯರ್. ಯಾವ ಸಭೆಯಲ್ಲೂ ಬಾಯಿ ಬಿಡದೆ ಪ್ರತಿ ಸಲ ವಿರುದ್ಧವಾಗಿ ಕೈ ಎತ್ತಿದವರು. ಅವರು ಮಾತನಾಡುವ ಬದಲು ನನ್ನನ್ನು ಕರೆದುಕೊಂಡು ಹೋಗಿ ಪೈಪುಗಳು ಇಳಿಯುವ ಡಕ್ಟಿನ ಬಾಗಿಲು ತೆಗೆದು ಟಾರ್ಚ್ ಬಿಟ್ಟರು. ಹಳೆಯ ಕಟ್ಟಡ. ಎರಡು ಬಚ್ಚಲುಮನೆ, ಅಡುಗೆಮನೆ, ಬಟ್ಟೆ ಒಗೆಯುವ ಜಾಗ, ಒಂದೊಂದಕ್ಕೂ ಮೇಲಿನ ಟ್ಯಾಂಕಿನಿಂದ ಬೇರೆಬೇರೆ ಪೈಪು ಇಳಿದಿತ್ತು. ಅಲ್ಲಿ ಮನೆಗೆ ನಾಲ್ಕು ಮೀಟರ್ ಬೇಕು. ಸಮಿತಿಯ ಕೊಟೇಶನ್ನಿನಲ್ಲಿ ಇದ್ದದ್ದು ಒಂದು. ‘ಹೇಳಬಹುದಿತ್ತಲ್ಲ ಸಾರ್’ ಎಂದೆ. ‘ಮೈಕು ಅವರ ಕೈಯಲ್ಲಿತ್ತಲ್ಲ’ ಎಂದರು.

ನಿಮ್ಮ ಇಪ್ಪತ್ತು ಮನೆಗಳಲ್ಲೂ ಇಂಥವರೊಬ್ಬರು ಇರಬಹುದು. ಮೊದಲು ಡಕ್ಟ್ ತೆಗೆದು ನೋಡಿ.

ಸಭೆಯ ದಿನ ಚರ್ಚೆಗೆ ಮುಂಚೆ ಒಂದು ವಿಷಯ ಚಾರ್ಟಿನ ಮೇಲೆ ಬರೆಯಬೇಕು: ಕೊನೆಗೆ ತೀರ್ಮಾನವಾಗುವುದು ಹೇಗೆ? ಬಹುಮತವೋ, ಎಲ್ಲರ ಸಮ್ಮತಿಯೋ, ಸಮಿತಿಗೆ ಬರೀ ಸಲಹೆಯೋ? ಬೈಲಾ ಏನು ಹೇಳುತ್ತದೆ? ಇದನ್ನು ಇತ್ಯರ್ಥ ಮಾಡದೆ ನಡುವೆ ‘ಸರಿ, ಕೈ ಎತ್ತಿ’ ಎಂದರೆ ಸೋಲುವವರು ಕುರ್ಚಿ ಸರಿಸಿ ಎದ್ದು ಹೋಗುತ್ತಾರೆ. ನಿಮ್ಮ ಮೂರು ಸಭೆಗಳಲ್ಲಿ ಆಗಿದ್ದೂ ಅದೇ ಇರಬೇಕು.

ನಾನು ಮತಕ್ಕೆ ಮೊದಲು ಬೆರಳು ಎತ್ತಿಸುತ್ತೇನೆ. ಐದು ಬೆರಳಾದರೆ ಪೂರ್ಣ ಒಪ್ಪಿಗೆ. ಮೂರಾದರೆ, ಇಷ್ಟವಿಲ್ಲ ಆದರೂ ನಡೆಯಲಿ. ಮುಷ್ಟಿಯಾದರೆ ಖಂಡಿತ ಆಗದು. ಇದು ಎಣಿಕೆಗಲ್ಲ. ಎರಡು ಬೆರಳು ಎತ್ತಿದವರನ್ನು ‘ಮೂರಾಗಲು ಏನು ಬೇಕು?’ ಎಂದು ಕೇಳುವುದಕ್ಕೆ. ಅಂದು ಏಳು ಜನರ ಮನೆಯ ಆ ತಾಯಿ ಹೇಳಿದರು: ‘ಆರು ತಿಂಗಳು ಬಿಲ್ಲು ತೋರಿಸಿ, ದುಡ್ಡು ಕೇಳಬೇಡಿ. ಆಮೇಲೆ ನೋಡೋಣ.’ ಅಲ್ಲಿಯವರೆಗಿನ ಸಭೆಗಳ ಕಿರುಚಾಟದಲ್ಲಿ ಯಾರಿಗೂ ಹೊಳೆಯದ ಮಾತು. ಒಂದು ಬ್ಲಾಕಿನಲ್ಲಿ ಹಾಗೆಯೇ ಶುರು ಮಾಡಿದರು.

ನನ್ನ ಮೂರ್ಖತನವೊಂದನ್ನೂ ಹೇಳಿಬಿಡುತ್ತೇನೆ. ಹೊಸದರಲ್ಲಿ ಒಂದು ಸಭೆಗೆ ಹೋದಾಗ ಅಧ್ಯಕ್ಷರ ಪಕ್ಕದ ಕುರ್ಚಿ ತೋರಿಸಿದರು, ಕೂತುಬಿಟ್ಟೆ. ಶಾಲು ಬೇರೆ ಹೊದಿಸಿದರು. ಅಲ್ಲಿಗೆ ನನ್ನ ತಟಸ್ಥತೆ ಮುಗಿಯಿತು. ಅರ್ಧ ಸಭೆ ನನ್ನ ಮುಖವನ್ನೇ ನೋಡಲಿಲ್ಲ. ಈಗ ವೇದಿಕೆ ಹತ್ತುವುದಿಲ್ಲ, ಶಾಲು ಮುಟ್ಟುವುದಿಲ್ಲ.

ಇನ್ನೊಂದು: ಲಿಫ್ಟಿನ ಹಗ್ಗ ಸವೆದಿದ್ದರೆ, ವೈರಿಂಗ್ ಸುಟ್ಟ ವಾಸನೆ ಬರುತ್ತಿದ್ದರೆ ದಯವಿಟ್ಟು ಒಮ್ಮತ ಹುಡುಕುತ್ತಾ ಕೂರಬೇಡಿ. ಮೆಕ್ಯಾನಿಕ್‌ನನ್ನು ಕರೆಯಿರಿ.

ಪ್ರಶ್ನೆ: ಪಿತ್ರಾರ್ಜಿತ ಆಸ್ತಿಯ ಭಾಗದ ಮಾತುಕತೆಗೆ ಮದುವೆಯಾಗಿ ಹೋದ ತಂಗಿಯನ್ನೂ ಕರೆಯಬೇಕೇ?

ಉತ್ತರ: ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲೇ ತಿದ್ದುಪಡಿಯಾಗಿದೆ. ಮಗಳ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಸ್ಪಷ್ಟಪಡಿಸಿದೆ. ಇನ್ನೂ ಎಷ್ಟು ವರ್ಷ ಈ ಪ್ರಶ್ನೆ ಕೇಳುತ್ತೀರಿ? ಆಕೆ ಇಲ್ಲದ ಕೋಣೆಯಲ್ಲಿ ನಾನು ಕೂರುವುದಿಲ್ಲ.

ಪ್ರಶ್ನೆ: ನಮ್ಮ ಸೋದರಮಾವ ಬಹಳ ಗೌರವಸ್ಥರು. ಅವರೇ ಮಧ್ಯಸ್ಥರಾದರೆ ಸಾಲದೇ?

ಉತ್ತರ: ಅವರ ಎದುರು ನಿಮ್ಮ ಅತ್ತಿಗೆ ಬಾಯಿ ಬಿಡುತ್ತಾರೆಯೇ? ಇಲ್ಲವಾದರೆ ಸಾಲದು.

ಪ್ರಶ್ನೆ: ‘ಒಂದೇ ದಿನದಲ್ಲಿ ಒಮ್ಮತ ಖಚಿತ’ ಎಂಬ ಜಾಹೀರಾತು ನೋಡಿದೆ. ನಂಬಬಹುದೇ?

ಉತ್ತರ: ಬೆಳಿಗ್ಗೆ ಬಲೂನು ಊದಿಸಿ, ಮಧ್ಯಾಹ್ನ ಕಣ್ಣು ಮುಚ್ಚಿಸಿ, ಸಂಜೆ ಗುಂಪು ಫೋಟೊ ತೆಗೆಸಿ ಹೋಗುತ್ತಾರೆ. ಫಲಿತಾಂಶ ಖಚಿತ ಎಂದವನು ಫಲಿತಾಂಶವನ್ನು ಜೇಬಿನಲ್ಲಿಟ್ಟುಕೊಂಡೇ ಬಂದಿರುತ್ತಾನೆ. ಯಾರ ಜೇಬು ಎಂದು ವಿಚಾರಿಸಿ.

ಪ್ರಶ್ನೆ: ದಾವೆ ಈಗಾಗಲೇ ಕೋರ್ಟಿನಲ್ಲಿದೆ. ನೀವು ಬರಬಹುದೇ?

ಉತ್ತರ: ನಾನಲ್ಲ. ಹೈಕೋರ್ಟಿನ ಅಧೀನದಲ್ಲಿ 2007ರಿಂದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರವಿದೆ. ಪ್ರಕರಣವನ್ನು ಅಲ್ಲಿಗೆ ಕಳುಹಿಸಲು ಕೋರಬಹುದೇ ಎಂದು ನಿಮ್ಮ ವಕೀಲರನ್ನು ಕೇಳಿ.

ಪ್ರಶ್ನೆ: ಸುಗಮಕಾರರ ಶುಲ್ಕ ಯಾರು ಕೊಡಬೇಕು?

ಉತ್ತರ: ಸಂಘದ ಖಾತೆಯಿಂದ, ಎಲ್ಲರಿಗೂ ಗೊತ್ತಾಗುವಂತೆ ನಡಾವಳಿಯಲ್ಲಿ ಬರೆದು. ಒಂದು ಬಣ ಚಂದಾ ಎತ್ತಿ ಕೊಟ್ಟರೆ ಮುಟ್ಟುವುದಿಲ್ಲ. ಮನೆಗೆ ಬಂದಾಗ ಕಾಫಿ ಬೇಡ ಎಂದರೂ ತಪ್ಪು ತಿಳಿಯಬೇಡಿ. ಒಂದು ಮನೆಯಲ್ಲಿ ಕುಡಿದರೆ ಇಪ್ಪತ್ತು ಮನೆಯಲ್ಲೂ ಕುಡಿಯಬೇಕಾಗುತ್ತದೆ, ನನ್ನ ಹೊಟ್ಟೆ ಅಷ್ಟು ತಟಸ್ಥವಾಗಿಲ್ಲ.