ನಮ್ಮ ಫೋನ್ ಲೆಕ್ಕ ಪೊಲೀಸರ ಕೈಗೆ ಹೆಂಗೆ ಹೋಗುತ್ತೆ?

ಪ್ರಶ್ನೆ: ನಮ್ಮ ಬೀದಿಲಿ ಕಳ್ಳತನ ಆಗಿತ್ತು. ಆ ರಾತ್ರಿ ನಿಮ್ಮ ನಂಬರ್ ಅದೇ ಟವರಲ್ಲಿತ್ತು ಅಂತ ಸ್ಟೇಷನ್‌ಗೆ ಕರೆಸಿ ಕೇಳಿದ್ರು. ನಾನು ಮಾತಾಡಿದ್ದೆಲ್ಲ ಅವರ ಹತ್ರ ಇರುತ್ತಾ? (ಓದುಗರೊಬ್ಬರು, ಹಾಸನ)

ಇಲ್ಲ ಸಾರ್, ಗಾಬರಿ ಬೇಡ. ಅದು ಟವರ್ ಡಂಪ್ ಇರಬೇಕು, ಅಂದ್ರೆ ಆ ಹೊತ್ತಲ್ಲಿ ಆ ಟವರ್ ಹಿಡಿದಿದ್ದ ಅಷ್ಟೂ ನಂಬರ್‌ಗಳ ಪಟ್ಟಿ, ಪಾಪದವರೂ ಅದರಲ್ಲೇ ಇರ್ತಾರೆ. ಒಬ್ಬರದ್ದೇ ಲೆಕ್ಕ ತೆಗೆಸಿದ್ರೆ ಅದು ಸಿಡಿಆರ್, ಅಂದ್ರೆ ಕಾಲ್ ಡೀಟೇಲ್ ರೆಕಾರ್ಡ್. ನೋಡೋಕೆ ಎಕ್ಸೆಲ್ ಶೀಟ್ ಥರಾನೇ ಇರುತ್ತೆ, ಯಾವ ನಂಬರಿಂದ ಯಾವ ನಂಬರಿಗೆ, ಎಷ್ಟೊತ್ತಿಗೆ, ಎಷ್ಟು ಸೆಕೆಂಡ್, ಯಾವ ಟವರ್, ಹ್ಯಾಂಡ್‌ಸೆಟ್‌ನ ಐಎಂಇಐ (ಅದರ ಗುರುತಿನ ನಂಬರ್) ಯಾವುದು ಅಂತ. ಅತ್ತೆಗೆ ಬೈದಿದ್ದು ಅದರಲ್ಲಿ ಇರಲ್ಲ, ರಾತ್ರಿ 9.40ಕ್ಕೆ ಅತ್ತೆ ಜೊತೆ 312 ಸೆಕೆಂಡ್ ಮಾತಾಡಿದ್ರಿ ಅನ್ನೋದು ಮಾತ್ರ ಇರುತ್ತೆ. ಈ ಲೆಕ್ಕಾನ ಕಂಪನಿಗಳು ಮೊದಲು 1 ವರ್ಷ ಇಟ್ಕೊಂಡ್ರೆ ಸಾಕಿತ್ತು, 2021ರ ಡಿಸೆಂಬರ್‌ನಲ್ಲಿ ಲೈಸೆನ್ಸ್ ಷರತ್ತು ಬದಲಾಗಿ ಕನಿಷ್ಠ 2 ವರ್ಷ ಆಯ್ತು.

ಪೊಲೀಸರು ಇದನ್ನ ಕೇಳೋಕೂ ದಾರಿ ಇದೆ. ಹಿಂದೆ ದಾಖಲೆ ತರಿಸೋಕೆ ಸಿಆರ್‌ಪಿಸಿ ಅನ್ನೋ ಕಾನೂನಿನ ಸೆಕ್ಷನ್ 91 ಇತ್ತಲ್ಲ, 2024ರ ಜುಲೈಯಿಂದ ಅದು ಹೊಸ ಕಾನೂನು ಬಿಎನ್‌ಎಸ್‌ಎಸ್‌ನ ಸೆಕ್ಷನ್ 94. 2013ರಲ್ಲಿ ದೆಹಲಿಯ ಒಬ್ಬ ಕಾನ್‌ಸ್ಟೇಬಲ್ ಮೇಲಧಿಕಾರಿ ಇಮೇಲಿಂದ ಬಿಜೆಪಿ ನಾಯಕ ಅರುಣ್ ಜೇಟ್ಲಿಯವರ ಸಿಡಿಆರ್ ಕೇಳಿದ ಅನ್ನೋ ಆರೋಪದಲ್ಲಿ ಅರೆಸ್ಟ್ ಆದ, ಆ ಗಲಾಟೆ ಆದ್ಮೇಲೆನೇ ಎಸ್ಪಿ ದರ್ಜೆಗಿಂತ ಕೆಳಗಿನವರು ಕೇಳಂಗಿಲ್ಲ ಅಂತ ಬಿಗಿ ಆಗಿದ್ದು. ಕಂಪನಿ ಕಡೆ ನೋಡಲ್ ಆಫೀಸರ್ ಅಂತ ಒಬ್ರು ಇರ್ತಾರೆ, ಬಂದ ಮನವಿ ಸರಿಯಾದ ಕಡೆಯಿಂದಲೇ ಬಂದಿದ್ಯಾ ಅಂತ ನೋಡೋದು ಅವರ ಕೆಲಸ.

ಮಾತನ್ನೇ ಕದ್ದು ಕೇಳೋದು ಬೇರೆ ಲೆಕ್ಕ. ಅದಕ್ಕೆ ಎಸ್ಪಿ ಸಾಲಲ್ಲ, ಸಾಮಾನ್ಯವಾಗಿ ಗೃಹ ಕಾರ್ಯದರ್ಶಿ ಆದೇಶ ಬೇಕು, ಒಂದು ಆದೇಶ 60 ದಿನ, ಎಳೆದ್ರೆ ಒಟ್ಟು 180. ಈ ಕಟ್ಟುಪಾಡಿಗೆಲ್ಲ ಬುಡ 1996ರ ಸುಪ್ರೀಂ ಕೋರ್ಟ್ ತೀರ್ಪು. ಫೋನ್ ಕದ್ದಾಲಿಕೆ ಎಷ್ಟು ಬಿಸಿ ಅಂತ ನಮಗೆ ಹೇಳಿಕೊಡಬೇಕಾ, 1988ರಲ್ಲಿ ರಾಮಕೃಷ್ಣ ಹೆಗಡೆಯವರ ಮುಖ್ಯಮಂತ್ರಿ ಕುರ್ಚಿ ಹೋಗಿದ್ದೇ ಅದರಿಂದ!

ಪ್ರಶ್ನೆ: ಹೆಂಡತಿ ಮೇಲೆ ಡೌಟು. ಅವಳ ಸಿಡಿಆರ್ ತೆಗೆಸಿಕೊಡ್ತೀನಿ ಅಂತ ಒಬ್ಬ ಡಿಟೆಕ್ಟಿವ್ ದುಡ್ಡು ಕೇಳ್ತಿದ್ದಾನೆ, ಕೊಡ್ಲಾ? (ಹೆಸರು ಬೇಡ, ಬೆಂಗಳೂರು)

ಕೊಡಬೇಡಿ, ಅವನ ಜೊತೆ ನೀವೂ ಒಳಗೆ ಹೋಗ್ತೀರಿ. ಡಿವೋರ್ಸ್ ಕೇಸಲ್ಲಿ ಮೂರನೇ ವ್ಯಕ್ತಿಯ ಟವರ್ ವಿವರ ತರಿಸೋಕೆ ಫ್ಯಾಮಿಲಿ ಕೋರ್ಟ್ ಒಪ್ಪಿದ್ದನ್ನೇ ನಮ್ಮ ಹೈಕೋರ್ಟ್ 2022ರಲ್ಲಿ ರದ್ದು ಮಾಡಿದೆ, ಅದು ಆ ಮನುಷ್ಯನ ಖಾಸಗಿತನ ಅಂತ. ಡೌಟಿದ್ರೆ ಎದುರು ಕೂತು ಕೇಳಿ.

ಪ್ರಶ್ನೆ: ವಾಟ್ಸಾಪ್ ಮೆಸೇಜ್ ಕಂಪನಿಯೋರು ಕೊಡ್ತಾರಾ? (ವಿದ್ಯಾರ್ಥಿನಿ, ಧಾರವಾಡ)

ಎನ್‌ಕ್ರಿಪ್ಷನ್ (ಕಳಿಸಿದವರು, ಪಡೆದವರು ಬಿಟ್ಟು ಬೇರೆಯವರಿಗೆ ಓದೋಕಾಗದ ಗುಪ್ತಲಿಪಿ) ಇರೋದ್ರಿಂದ ಮೆಸೇಜ್ ಅವರಿಗೇ ಓದೋಕಾಗಲ್ಲಮ್ಮ, ಅಕೌಂಟ್ ವಿವರ, ಐಪಿ ಅಡ್ರೆಸ್ ಅಂಥವು ಸಿಗಬಹುದು. ಟೀವಿಲಿ ತೋರಿಸ್ತಾರಲ್ಲ ಚಾಟ್‌ಗಳು, ಅವು ಸಾಮಾನ್ಯವಾಗಿ ಸೀಜ್ ಮಾಡಿದ ಫೋನಿಂದ ತೆಗೆದಿದ್ದು, ಇಲ್ಲಾ ಆ ಕಡೆಯವರೇ ಸ್ಕ್ರೀನ್‌ಶಾಟ್ ಹೊಡೆದು ಕೊಟ್ಟಿದ್ದು.